ಹೊಲ ಊರಾಗ, ಉತಾರ ಕೈಯಾಗ

(ಬಾಗಲಕೋಟೆಯ ನವನಗರದಲ್ಲಿ ಸುತ್ತಲಿನ ಸ್ಟುಡಿಯೋದವರೆಲ್ಲ ಒಂದು ಭಾನುವಾರ ಸೇರಿದ್ದಾಗ ನಾನು ಆಡಿದ ಮಾತು ಇದು. ಮಾತಿನ ಓಟದಲ್ಲಿ ತಪ್ಪಿಹೋಗಿದ್ದ ಒಂದೆರಡು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ಶರಣು.

ಬೆಳಿಗ್ಗೆಯಿಂದ ಲೈಟಿಂಗ್ ಕೇಳಿದಿರಿ, ಹೊಸ ಲೆನ್ಸ್ ನೋಡಿದಿರಿ. ನನ್ನ ಪಾಲಿಗೆ ಬಂದಿರುವುದು ಫೋಟೋ ಹೊಡೆದು ಬಂದ ಮೇಲಿನ ಕಥೆ. ಕಂಪ್ಯೂಟರ್ ಮುಂದೆ ಕುಳಿತು, ಗಲ್ಲಕ್ಕೆ ಕೈ ಕೊಟ್ಟು, ಚಕ್ರ ತಿರುಗುವುದನ್ನು ನೋಡುವ ಕಥೆ. ಅದರಲ್ಲೂ ಫೋಟೋಗಳು ನಮ್ಮ ಕಂಪ್ಯೂಟರಿನಲ್ಲಿ ಇರದೆ ಬೇರೆ ಪೆಟ್ಟಿಗೆಯಲ್ಲಿದ್ದು, ಲ್ಯಾನ್, ಅಂದರೆ ಅಂಗಡಿಯ ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲದ ಮೂಲಕ ಬರುತ್ತಿದ್ದಾಗ, ಫೋಟೋ ತಿದ್ದುವ ಲೈಟ್‌ರೂಮ್, ಫೋಟೋಶಾಪ್ ಯಾಕೆ ಏದುಸಿರು ಬಿಡುತ್ತವೆ ಎನ್ನುವುದು. ನಾನು ಕಂಪ್ಯೂಟರ್ ಓದಿದವನಲ್ಲ. ದುಡ್ಡು ಕಳೆದುಕೊಂಡು ಕಲಿತವನು, ಅಷ್ಟೇ ನನ್ನ ಅರ್ಹತೆ.

ನಮ್ಮಲ್ಲಿ ಮೂರು ಕಂಪ್ಯೂಟರ್ ಇವೆ. ಒಂದರಲ್ಲಿ ನಾನು ಕಲರ್ ಕರೆಕ್ಷನ್ ಮಾಡುತ್ತೇನೆ, ಇನ್ನೊಂದರಲ್ಲಿ ಆಲ್ಬಮ್ ಡಿಸೈನ್, ಮೂರನೆಯದು ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ಫೋಟೋ, ಪ್ರಿಂಟ್. ಮೊದಲು ಎಲ್ಲ ಮದುವೆಗಳೂ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಇರುತ್ತಿದ್ದವು. ದಿನಕ್ಕೆ ಹತ್ತು ಸಲ ಒಂದೇ ಪ್ರಶ್ನೆ: "ಆ ಜಮಖಂಡಿ ಮದಿವಿ ಯಾವ ಡಿಸ್ಕಿನ್ಯಾಗ ಐತ್ರಿ?" ಈ ಪ್ರಶ್ನೆಗೆ ಬೇಸತ್ತು ನಾಲ್ಕು ಡಿಸ್ಕ್ ಹಿಡಿಯುವ ಒಂದು ನ್ಯಾಸ್ ತಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಡಿಸ್ಕ್‌ಗಳನ್ನು ಹಾಕಿ ಲ್ಯಾನ್ ಕೇಬಲ್ಲಿಗೆ ಸಿಕ್ಕಿಸುವ ಪೆಟ್ಟಿಗೆ. ಮೂರೂ ಕಂಪ್ಯೂಟರಿಗೆ ಒಂದೇ ಕಣಜ.

ಖುಷಿ ಒಂದು ವಾರ ಇತ್ತು. ಅಷ್ಟರಲ್ಲಿ ಬಸವ ಜಯಂತಿ, ಅಕ್ಷಯ ತೃತೀಯದ ಮುಹೂರ್ತಗಳು ಬಂದವು. ಆ ಸೀಜನ್ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆಲ್ಬಮ್ ಮಾಡುವ ಹುಡುಗ ಒಂದು ದಿನ ಬಂದು, "ಅಣ್ಣಾರ, ಕಂಟ್ರೋಲ್ ಎಸ್ ಒತ್ತಿ ಹೊರಗ ಹೋಗಿ ಚಾ ಕುಡದು ಬರಬಹುದ್ರಿ" ಅಂದ. ಚಹಾ ಕುಡಿಯಲು ನೆಪ ಹುಡುಕುತ್ತಿದ್ದಾನೆ ಅಂದುಕೊಂಡೆ. ಕುಳಿತು ನೋಡಿದರೆ ಅವನು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಆಗ ನಾನು ಮಾಡಿದ್ದು ಇಲ್ಲಿರುವ ಮುಕ್ಕಾಲು ಮಂದಿ ಮಾಡುವ ಕೆಲಸವನ್ನೇ. ರ‍್ಯಾಮ್ 16 ಇದ್ದದ್ದನ್ನು 32 ಮಾಡಿದೆ. ಆಗಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಆಗಲಿಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದೆ, ಅದರಿಂದ ಆಲ್ಬಮ್ ಫಾಂಟ್‌ಗಳೆಲ್ಲ ಹೋದವು, ನಿಧಾನ ಮಾತ್ರ ಇದ್ದಲ್ಲೇ ಇತ್ತು. ಕಾಲಿಗೆ ಮುಳ್ಳು ಚುಚ್ಚಿದವನಿಗೆ ಕಣ್ಣಿಗೆ ಔಷಧಿ ಹಾಕಿದ ಹಾಗೆ.

ಕೊನೆಗೆ ಒಂದು ರಾತ್ರಿ ಸಿಟ್ಟಿನಲ್ಲಿ, ಆ ಒಂದು ಮದುವೆಯ ಫೋಲ್ಡರನ್ನು ಕಂಪ್ಯೂಟರಿನ ಡೆಸ್ಕ್‌ಟಾಪಿಗೇ ಕಾಪಿ ಮಾಡಿ ಅಲ್ಲಿಂದ ತೆರೆದೆ. ಅದೇ ಫೈಲು, ಅದೇ ಫೋಟೋಶಾಪ್, ಅದೇ ಕಂಪ್ಯೂಟರ್. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಕೆಲಸ ಸಾಗಿತು. ಅಂದರೆ ಯಂತ್ರದಲ್ಲಿ ದೋಷ ಇರಲಿಲ್ಲ, ದೋಷ ದಾರಿಯಲ್ಲಿತ್ತು. ಸರಳವಾದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಗ್ರಾಫಿಕ್ಸ್ ಕಾರ್ಡಿನ ದುಡ್ಡು ಉಳಿಯುತ್ತಿತ್ತು. ನಿಮ್ಮಲ್ಲಿ ಯಾರಿಗೆ ಈ ತೊಂದರೆ ಇದೆಯೋ ಅವರು ಇದನ್ನೇ ಮೊದಲು ಮಾಡಿ. ಡೆಸ್ಕ್‌ಟಾಪಿನಿಂದಲೂ ನಿಧಾನವೇ ಇದ್ದರೆ ಆಗ ರ‍್ಯಾಮ್ ಅಂಗಡಿಗೆ ಹೋಗಿರಿ, ನಾನು ಬೇಡ ಅನ್ನುವುದಿಲ್ಲ.

ಈಗ ದಾರಿಯನ್ನು ಅಳೆಯುವುದು. ಇಲ್ಲಿ ಒಂದು ಸಣ್ಣ ಗೊಂದಲ ಎಲ್ಲರಿಗೂ ಇರುತ್ತದೆ. ಲ್ಯಾನ್ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ನಮ್ಮ ಫೈಲುಗಳನ್ನು ಬೈಟ್‌ನಲ್ಲಿ ಹೇಳುತ್ತಾರೆ. 8 ಬಿಟ್‌ಗೆ 1 ಬೈಟ್. ಗಿಗಾಬಿಟ್ ಅಂದರೆ ಸೆಕೆಂಡಿಗೆ 1000 ಮೆಗಾಬಿಟ್, 8ರಿಂದ ಭಾಗಿಸಿದರೆ 125 ಎಂಬಿ, ದಾರಿ ಖರ್ಚು ಕಳೆದು ಕೈಗೆ ಸಿಗುವುದು 110ರ ಆಸುಪಾಸು. ಹಳೆಯ 100 ಮೆಗಾಬಿಟ್ ಲ್ಯಾನ್‌ನಲ್ಲಿ 12.5, ಕೈಗೆ ಸಿಗುವುದು 11. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ: 110 ಮತ್ತು 11.

ನಾಲ್ಕೈದು ಜಿಬಿಯ ಒಂದೇ ದೊಡ್ಡ ವಿಡಿಯೋ ಫೈಲನ್ನು ನ್ಯಾಸ್‌ನಿಂದ ಕಂಪ್ಯೂಟರಿಗೆ ಕಾಪಿ ಮಾಡಿ. ಕಾಪಿ ಆಗುವ ಕಿಟಕಿಯಲ್ಲಿ ವೇಗ ತೋರಿಸುತ್ತದೆ. ಒಮ್ಮೆ ಮಾಡಿದ ಫೈಲನ್ನೇ ಮತ್ತೆ ಮಾಡಬೇಡಿ, ಎರಡನೇ ಸಲ ಅದು ನ್ಯಾಸ್‌ನ ನೆನಪಿನಿಂದಲೇ ಬಂದು ನಿಮ್ಮನ್ನು ಏಮಾರಿಸಬಹುದು. ನನ್ನ ಕಿಟಕಿಯಲ್ಲಿ 11.2 ಎಂದು ಬಂತು. ಏರಲೂ ಇಲ್ಲ, ಇಳಿಯಲೂ ಇಲ್ಲ, ಅಲ್ಲೇ ನಿಂತಿತು. ವೇಗ ಏರುಪೇರಾಗದೆ ಹಾಗೆ ಗೂಟಕ್ಕೆ ಕಟ್ಟಿದಂತೆ ನಿಂತರೆ ಅರ್ಥ ಒಂದೇ, ಎಲ್ಲೋ 100ರ ಬಾಗಿಲು ಅಡ್ಡ ಇದೆ. ಸೆಟ್ಟಿಂಗ್ಸ್‌ನಲ್ಲಿ ಇಥರ್ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿದೆ. 1000/1000 ಇರಬೇಕಾದಲ್ಲಿ 100/100 ಇತ್ತು.

ಮುಧೋಳದಿಂದ ಬಂದ ಹುಡುಗರು ಇಲ್ಲಿದ್ದಾರೆ. ಮುಧೋಳ ನಾಯಿಯನ್ನು ಆಡಿನ ಹಗ್ಗಕ್ಕೆ ಕಟ್ಟಿ ಓಡು ಅಂದರೆ ಹೇಗಿರುತ್ತದೋ ಹಾಗಾಗಿತ್ತು ನನ್ನ ನ್ಯಾಸ್ ಪಾಡು.

ಈ ಹತ್ತು ಪಟ್ಟು ವ್ಯತ್ಯಾಸ ನಮ್ಮ ಕೆಲಸದಲ್ಲಿ ಏನು ಅನ್ನುವುದನ್ನು ಲೆಕ್ಕ ಹಾಕೋಣ. ಒಂದು ಮದುವೆಗೆ 4000 ರಾ ಫೈಲು (ಕ್ಯಾಮೆರಾ ಹಿಡಿದದ್ದನ್ನು ಕಚ್ಚಾ ರೂಪದಲ್ಲೇ ಇಡುವ ಫೈಲು), ತಲಾ 25 ಎಂಬಿ ಹಿಡಿದರೂ 100 ಜಿಬಿ. ಗಿಗಾಬಿಟ್‌ನಲ್ಲಿ ಕಾಲು ತಾಸು. 100ರ ಲ್ಯಾನ್‌ನಲ್ಲಿ ಎರಡೂವರೆ ತಾಸು. ಆಲ್ಬಮ್ ನೋಡಿ. 12×36 ಶೀಟು, 300 ಡಿಪಿಐ. 3600 ಗುಣಿಸು 10800, ಅಂದರೆ 3 ಕೋಟಿ 88 ಲಕ್ಷ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 3 ಬೈಟ್. ಬರೀ ಒಂದು ತುಂಬಿದ ಲೇಯರ್‌ಗೇ 117 ಎಂಬಿ ಆಯಿತು. ಅದರ ಮೇಲೆ ಹಿನ್ನೆಲೆ, ನಾಲ್ಕು ಫೋಟೋ, ಹೂವು, ಹೊಗೆ, ವಧುವರರ ಹೆಸರು. ಅರ್ಧ ಜಿಬಿ ಆಗಲು ಹೊತ್ತೇನೂ ಬೇಡ. ಅದನ್ನು ಸೆಕೆಂಡಿಗೆ 11ರಂತೆ ಕಳಿಸಿದರೆ 45 ಸೆಕೆಂಡ್. ಹುಡುಗ ದಿನಕ್ಕೆ 60 ಸಲ ಸೇವ್ ಒತ್ತಿದರೆ ಮುಕ್ಕಾಲು ತಾಸು ಬರೀ ಕಾಯುವುದಕ್ಕೇ ಹೋಯಿತು. ಅವನ ಚಹಾದ ಲೆಕ್ಕ ಸರಿಯಾಗಿಯೇ ಇತ್ತು.

ಸರಿ, 100ರ ಬಾಗಿಲು ಎಲ್ಲಿತ್ತು? ನ್ಯಾಸ್ ಗಿಗಾಬಿಟ್. ಕಂಪ್ಯೂಟರ್ ಗಿಗಾಬಿಟ್. ಎಲ್ಲ ಕೇಬಲ್‌ಗಳನ್ನು ಕೂಡಿಸುವ ಸ್ವಿಚ್‌ನ ಪೆಟ್ಟಿಗೆಯ ಮೇಲೂ ಗಿಗಾಬಿಟ್. ಉಳಿದದ್ದು ಕೇಬಲ್. ಅಂಗಡಿಯಿಂದ ಒಂದು ರೆಡಿ ಕೇಬಲ್ ತಂದು, ಗೋಡೆಯೊಳಗಿನದನ್ನು ಬಿಟ್ಟು ನೆಲದ ಮೇಲೇ ಎಳೆದು ಸಿಕ್ಕಿಸಿದೆ. ಕಾಪಿ 112ಕ್ಕೆ ಏರಿತು. ಅಲ್ಲೇ ಕುಳಿತು ನಕ್ಕೆ. ಆಮೇಲೆ ಖರ್ಚು ನೆನಪಾಗಿ ನಗು ನಿಂತಿತು.

ಹಳೆಯ ಕೇಬಲನ್ನು ಹಿಡಿದುಕೊಂಡು ಗೋಡೆಗುಂಟ ಹೋದೆ. ಕೂಲರ್ ಹಿಂದೆ ಸಿಕ್ಕಿತು. ನಮ್ಮೂರ ಬೇಸಿಗೆಗೆ ಕೂಲರ್ ಇಲ್ಲದೆ ಆಗುವುದಿಲ್ಲ. ಪ್ರತಿ ಸಲ ನೀರು ತುಂಬುವಾಗ ಅದನ್ನು ಹಿಂದೆ ಮುಂದೆ ಸರಿಸುತ್ತೇವೆ. ಅದರ ಕಾಲು ಕೇಬಲ್ಲಿನ ಮೇಲೆ ಕುಳಿತು ಕುಳಿತು ಚಪ್ಪಟೆ ಮಾಡಿತ್ತು. ಮೇಲಿನ ಸಿಪ್ಪೆ ಬಿಡಿಸಿದರೆ ಒಳಗೆ ಎಂಟು ಎಳೆ. ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದಕ್ಕೂ ಬಿಳಿಗೆರೆಯ ಒಂದು ಜೊತೆ. ಕಂದು ಬಣ್ಣದ ಎಳೆ ತುಂಡಾಗಿತ್ತು. ಬಾಕಿ ಏಳೂ ಸರಿ ಇದ್ದವು.

ಒಂದು ಎಳೆ ಹೋದರೆ ಲ್ಯಾನ್ ಪೂರ್ತಿ ನಿಲ್ಲಬೇಕಲ್ಲ ಎಂದು ನೀವು ಕೇಳಬಹುದು. ನಿಂತಿದ್ದರೆ ಅವತ್ತೇ ಸಿಗುತ್ತಿತ್ತು. 100ರ ಲ್ಯಾನ್‌ಗೆ ಬೇಕಾಗುವುದು ಎರಡೇ ಜೋಡಿ, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಕಂದೋ ನೀಲಿಯೋ ಹೋದರೆ ಎರಡೂ ತುದಿಯ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಇಷ್ಟರಲ್ಲೇ ಸುಧಾರಿಸೋಣ ಎಂದು 100ಕ್ಕೆ ಇಳಿದುಬಿಡುತ್ತವೆ. ನಮಗೆ ಒಂದು ಮಾತೂ ಹೇಳುವುದಿಲ್ಲ. ಇಂಟರ್ನೆಟ್ ಬರುತ್ತದೆ, ಪ್ರಿಂಟ್ ಹೋಗುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ.

ಕೇಬಲ್ ಸರಿ ಮಾಡಿದರೂ ಕೌಂಟರ್ ಕಂಪ್ಯೂಟರ್ 11ರಲ್ಲೇ ಇತ್ತು. ಅದನ್ನು ಹತ್ತಿರ ಇದೆಯೆಂದು ಸಿಸಿಟಿವಿಯ ಸ್ವಿಚ್ಚಿಗೆ ಸಿಕ್ಕಿಸಿದ್ದೆವು. ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಆ ಅಗ್ಗದ ಸ್ವಿಚ್‌ಗಳು ಬಹಳಷ್ಟು 100ರವೇ. ಇಂಟರ್ನೆಟ್‌ನವರು ಹಾಕಿಹೋಗುವ ಕೆಲವು ರೌಟರ್‌ಗಳೂ ಹಾಗೆಯೇ. ಪೆಟ್ಟಿಗೆಯ ಮೇಲೆ 'ಫಾಸ್ಟ್ ಇಥರ್ನೆಟ್' ಎಂದು ಬರೆದಿದ್ದರೆ ಹಿಗ್ಗಬೇಡಿ. ಆ ಹೆಸರು 1995ರದು, ಆಗ 100 ಫಾಸ್ಟೇ ಆಗಿತ್ತು.

ಇಳಕಲ್‌ನ ಒಬ್ಬರು ಇಲ್ಲಿ ಎದ್ದು ಕೇಳಿದರು: "ನಾವು ವೈಫೈ ಮ್ಯಾಲೆ ಲ್ಯಾಪ್‌ಟಾಪ್ ನಡಸ್ತೀವಿ, ಅದೂ ಗಿಗಾ ಅಂತ ಬರದೈತ್ರಲ್ಲ?" ಬರೆದಿರುತ್ತದೆ. ಆದರೆ ವೈಫೈ ಅಂದರೆ ಒಂದೇ ಗಾಳಿಯನ್ನು ಎಲ್ಲರೂ ಹಂಚಿಕೊಳ್ಳುವುದು. ನಿಮ್ಮ ಲ್ಯಾಪ್‌ಟಾಪ್, ಐದು ಫೋನ್, ಪಕ್ಕದ ಅಂಗಡಿಯವರ ರೌಟರ್, ನಡುವೆ ಒಂದು ಗೋಡೆ. ಗ್ರಾಹಕರಿಗೆ ಫೋಟೋ ತೋರಿಸಲು ವೈಫೈ ಸಾಕು. ಸಾವಿರಗಟ್ಟಲೆ ರಾ ಫೈಲಿಗೆ ವೈರೇ ಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಇನ್ನು ಲೈಟ್‌ರೂಮ್. ಕೇಬಲ್ ಸರಿಯಾದ ಮೇಲೆ ಫೋಟೋಶಾಪ್ ಸುಧಾರಿಸಿತು, ಲೈಟ್‌ರೂಮ್ ಮಾತ್ರ ಮೊದಲಿನ ಹಾಗೇ ತೆವಳುತ್ತಿತ್ತು. ಇಲ್ಲಿ ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮಲ್ಲಿ ಬಹಳ ಮಂದಿಗೆ ಹೊಲ ಇದೆ. ಹೊಲ ಊರಾಗ ಇರತೈತಿ, ಅದರ ಉತಾರ, ಅಂದರ ಪಹಣಿ, ಮನಿಯಾಗ ಟ್ರಂಕಿನ್ಯಾಗ ಇರತೈತಿ. ಎಷ್ಟು ಎಕರೆ, ಯಾರ ಹೆಸರು, ಸಾಲ ಎಷ್ಟು ಎಂದು ನೋಡಲು ಯಾರೂ ಪ್ರತಿ ಸಲ ಹೊಲಕ್ಕೆ ಹೋಗುವುದಿಲ್ಲ, ಉತಾರ ತೆಗೆದು ನೋಡುತ್ತಾರೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೋ ಅಂದರೆ ಹೊಲ, ಕೆಟಲಾಗ್ ಅಂದರೆ ಉತಾರ. ನೀವು ಕೊಟ್ಟ ಸ್ಟಾರ್, ತಿರುಗಿಸಿದ ಸ್ಲೈಡರ್, ಮಾಡಿದ ಕ್ರಾಪ್, ಎಲ್ಲ ಬರೆದುಕೊಳ್ಳುವುದು ಕೆಟಲಾಗಿನಲ್ಲಿ. ಅದು ಒಂದು ಡೇಟಾಬೇಸ್. ಕ್ಷಣಕ್ಷಣಕ್ಕೂ ಸಣ್ಣಸಣ್ಣ ತುಣುಕುಗಳಲ್ಲಿ ಓದುತ್ತ ಬರೆಯುತ್ತ ಇರುತ್ತದೆ.

ಹೊಲ ದೂರ ಇರಬಹುದು, ಉತಾರ ಕೈಯಲ್ಲಿ ಇರಬೇಕು. ನ್ಯಾಸ್‌ನಲ್ಲಿ ಕೆಟಲಾಗ್ ಇಟ್ಟರೆ ಲೈಟ್‌ರೂಮ್ ಕ್ಲಾಸಿಕ್ ಅದನ್ನು ತೆರೆಯುವುದೇ ಇಲ್ಲ, ನೆಟ್‌ವರ್ಕ್ ಡಿಸ್ಕ್‌ನಲ್ಲಿ ಆಗದು ಎಂದು ಸಾಫಾಗಿ ಹೇಳಿಬಿಡುತ್ತದೆ. ಅದಕ್ಕೆ ಕಾರಣವೂ ಇದೆ. ಇಬ್ಬರು ಒಂದೇ ಸಲ ಬರೆದರೆ ಡೇಟಾಬೇಸ್ ಕೆಡುತ್ತದೆ, ಅದಕ್ಕೆ ಒಬ್ಬರು ಬರೆಯುವಾಗ ಬೀಗ ಹಾಕಬೇಕು, ಆ ಬೀಗ ನೆಟ್‌ವರ್ಕ್ ಮೇಲೆ ಭರವಸೆಗೆ ಬರುವುದಿಲ್ಲ.

ನಮ್ಮ ಮಂದಿ ಸುಮ್ಮನಿರುತ್ತಾರೆಯೇ? ಉಪಾಯ ಮಾಡಿದೆವು. ಕೆಟಲಾಗನ್ನು ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿಟ್ಟು, ಆ ಫೋಲ್ಡರ್ ತಾನಾಗಿಯೇ ನ್ಯಾಸ್‌ಗೂ ಇನ್ನೊಂದು ಕಂಪ್ಯೂಟರಿಗೂ ಸಿಂಕ್ ಆಗುವಂತೆ ಇಟ್ಟೆವು. ಒಂದು ಸ್ಟಾರ್ ಕೊಟ್ಟರೆ ಸಾಕು, ಕೆಟಲಾಗ್ ಬದಲಾಯಿತೆಂದು ಸಿಂಕ್ ಎದ್ದು ಕೂರುತ್ತಿತ್ತು. ಅದರ ಪಕ್ಕದ ಪ್ರಿವ್ಯೂ ಫೋಲ್ಡರಿನಲ್ಲಿ, ಅಂದರೆ ಪರದೆಗೆ ತೋರಿಸಲು ಮಾಡಿಟ್ಟ ಪ್ರತಿಗಳ ಫೋಲ್ಡರಿನಲ್ಲಿ, ಸಾವಿರಾರು ಸಣ್ಣ ಫೈಲುಗಳು, ಅವೂ ಮೆರವಣಿಗೆ ಹೊರಡುತ್ತಿದ್ದವು. ನಿಧಾನಕ್ಕೆ ಅದು ಕಾರಣ. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ನಾನೂ ಹುಡುಗನೂ ಒಂದೇ ಹೊತ್ತಿನಲ್ಲಿ ಎರಡು ಕಡೆ ತೆರೆದೆವು, ಸಿಂಕ್ ಒಂದನ್ನು ಉಳಿಸಿಕೊಂಡು ಇನ್ನೊಂದಕ್ಕೆ 'ಕಾನ್‌ಫ್ಲಿಕ್ಟ್' ಎಂದು ಹೆಸರಿಟ್ಟು ಮೂಲೆಗೆ ತಳ್ಳಿತು. ಅದೇ ಜಮಖಂಡಿ ಮದುವೆಯಲ್ಲಿ ಎರಡು ದಿನ ಕುಳಿತು ಆರಿಸಿದ್ದ ಫೋಟೋಗಳ ಸ್ಟಾರ್ ಮಾಯ. ಮತ್ತೆ ಕುಳಿತು ಆರಿಸಿದೆ. ಯಾರನ್ನೂ ಬೈಯುವ ಹಾಗಿರಲಿಲ್ಲ, ಉಪಾಯ ನನ್ನದೇ.

ಈಗ ನಮ್ಮಲ್ಲಿ ಕೆಟಲಾಗ್, ಪ್ರಿವ್ಯೂ, ಕ್ಯಾಮೆರಾ ರಾ ಕ್ಯಾಶ್ (ಒಮ್ಮೆ ಓದಿದ ರಾ ಫೈಲಿನ ಮಾಹಿತಿ ಮತ್ತೆ ಬೇಗ ಸಿಗಲೆಂದು ಇಟ್ಟುಕೊಳ್ಳುವ ಜಾಗ) ಮೂರೂ ಕಂಪ್ಯೂಟರಿನೊಳಗಿನ ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್‌ನಲ್ಲಿ. ಕ್ಯಾಶ್ ಗಾತ್ರವನ್ನು 20 ಜಿಬಿಗೆ ಏರಿಸಿದ್ದೇನೆ. ಫೋಟೋಗಳು ಮಾತ್ರ ನ್ಯಾಸ್‌ನಲ್ಲಿ. ದಿನದ ಕೊನೆಗೆ ಲೈಟ್‌ರೂಮ್ ಮುಚ್ಚುವಾಗ ಕೆಟಲಾಗಿನ ಬ್ಯಾಕಪ್ ಒಂದು ಪ್ರತಿ ನ್ಯಾಸ್‌ಗೆ ಹೋಗುತ್ತದೆ. ಉತಾರದ ಜೆರಾಕ್ಸ್ ಬೇರೆ ಕಡೆ ಇದ್ದ ಹಾಗೆ.

ಇಷ್ಟಾದ ಮೇಲೂ ಲೈಟ್‌ರೂಮ್‌ನಲ್ಲಿ ಫೋಟೋ ತಿದ್ದುವ ಭಾಗವಾದ ಡೆವಲಪ್‌ನಲ್ಲಿ ಒಂದು ಫೋಟೋದಿಂದ ಇನ್ನೊಂದಕ್ಕೆ ಹೋಗುವಾಗ ತಡವರಿಸುವುದು ಉಳಿದಿತ್ತು, ಯಾಕೆಂದರೆ ಡೆವಲಪ್ ಪ್ರತಿ ಸಲ ಮೂಲ ರಾ ಫೈಲನ್ನೇ ಕೇಳುತ್ತದೆ. ಇದಕ್ಕೆ ಸ್ಮಾರ್ಟ್ ಪ್ರಿವ್ಯೂ ಎಂಬುದೊಂದು ಇದೆ. ಇದೊಂದಕ್ಕೆ ನಾನು ಕೈ ಮುಗಿಯುತ್ತೇನೆ. ಪ್ರತಿ ಫೋಟೋದ ಉದ್ದ ಬದಿ 2560 ಪಿಕ್ಸೆಲ್ ಇರುವ ಸಣ್ಣ ಪ್ರತಿಯನ್ನು ಅದು ಕೆಟಲಾಗ್ ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಇಂಪೋರ್ಟ್ ಮಾಡುವಾಗಲೇ ಟಿಕ್ ಹಾಕಿ ರಾತ್ರಿ ಬಿಟ್ಟು ಮನೆಗೆ ಹೋಗಿ. ಆಮೇಲೆ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್‌ನಲ್ಲಿ, ಎಡಿಟಿಂಗ್‌ಗೆ ಮೂಲದ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು ಎನ್ನುವ ಗುಂಡಿ ಹಾಕಿ. ಸ್ಲೈಡರ್ ಎಳೆದರೆ ಆಗಿಂದಾಗ್ಗೆ ಸ್ಪಂದಿಸುತ್ತದೆ. ಎಕ್ಸ್‌ಪೋರ್ಟ್ ಹೊತ್ತಿಗೆ ನ್ಯಾಸ್ ಸಿಕ್ಕಿದರೆ ಮೂಲ ಫೈಲಿನಿಂದಲೇ ಪೂರ್ತಿ ಗಾತ್ರದಲ್ಲಿ ತೆಗೆಯುತ್ತದೆ. ಶಾರ್ಪ್‌ನೆಸ್, ನಾಯ್ಸ್ ಮಾತ್ರ ಸಣ್ಣ ಪ್ರತಿಯಲ್ಲಿ ನೋಡಿ ನಿರ್ಧರಿಸಬೇಡಿ, ಅದಕ್ಕೆ ಮೂಲವನ್ನೇ ನೋಡಬೇಕು.

ಸಣ್ಣ ಫೈಲುಗಳ ಬಗ್ಗೆ ಇನ್ನೊಂದು ಮಾತು. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ. ನೆಟ್‌ವರ್ಕ್‌ನಲ್ಲಿ ತಿರುವುಮುರುವು, ಒಂದು ಫೈಲು ಸಿಗಬೇಕಾದರೆ ನಾವೇ ಏಳೆಂಟು ಸಲ ಕೂಗಬೇಕು. ಫೈಲು ಇದೆಯಾ, ನನಗೆ ಹಕ್ಕಿದೆಯಾ, ಎಷ್ಟು ದೊಡ್ಡದು, ತೆರೆ, ಕೊಡು, ಮುಚ್ಚು. ಪ್ರತಿ ಕೂಗಿಗೂ ಹೋಗಿ ಬರುವ ಹೊತ್ತು ಬೇಕು. ಲೆಕ್ಕಕ್ಕೆ ಹತ್ತು ಕೂಗು, ವೈಫೈನಲ್ಲಿ ಕೂಗಿಗೆ 5 ಮಿಲಿಸೆಕೆಂಡ್ ಇಟ್ಟುಕೊಂಡರೆ ಫೈಲಿಗೆ 50. ಇಂಥ 4000 ಫೈಲಿಗೆ 200 ಸೆಕೆಂಡ್, ಅದೂ ಒಂದಕ್ಷರ ಫೋಟೋ ಬರುವ ಮೊದಲೇ. ಲೈಟ್‌ರೂಮ್‌ನಲ್ಲಿ ಬದಲಾವಣೆಗಳನ್ನು ತಾನಾಗಿ ಎಕ್ಸ್‌ಎಂಪಿಗೆ ಬರೆ ಎಂಬ ಟಿಕ್ ಇದ್ದರೆ ಪ್ರತಿ ರಾ ಪಕ್ಕ, ಮಾಡಿದ ತಿದ್ದುಪಡಿ ಬರೆದುಕೊಳ್ಳುವ ಒಂದು ಪುಟಾಣಿ ಎಕ್ಸ್‌ಎಂಪಿ ಫೈಲು ಹುಟ್ಟುತ್ತದೆ. ಸಾವಿರ ಫೋಟೋಕ್ಕೆ ಒಮ್ಮೆಲೇ ಪ್ರಿಸೆಟ್ ಹಾಕಿದಿರೋ, ಸಾವಿರ ಫೈಲು ನ್ಯಾಸ್‌ಗೆ ಬರೆಯಲು ಹೊರಡುತ್ತವೆ. ಆ ಟಿಕ್ ತೆಗೆದು, ಕೆಲಸ ಮುಗಿದ ಮೇಲೆ ಒಮ್ಮೆ ಕೈಯಿಂದ ಬರೆಸಿದರಾಯಿತು.

ಫೋಟೋಶಾಪ್‌ಗೆ ಉಪಾಯ ಇದಕ್ಕಿಂತ ಸರಳ. ಅಡೋಬ್‌ನವರೇ ಒಳಗಿನ ಡಿಸ್ಕ್‌ನಲ್ಲಿ ಕೆಲಸ ಮಾಡಿ, ಆಮೇಲೆ ನೆಟ್‌ವರ್ಕ್‌ಗೆ ಸಾಗಿಸಿ ಎನ್ನುತ್ತಾರೆ. ಸ್ಕ್ರ್ಯಾಚ್ ಡಿಸ್ಕ್, ಅಂದರೆ ರ‍್ಯಾಮ್ ಸಾಲದಾಗ ಫೋಟೋಶಾಪ್ ತಾತ್ಕಾಲಿಕವಾಗಿ ಬಳಸುವ ಡಿಸ್ಕ್, ಒಳಗಿನ ಎಸ್‌ಎಸ್‌ಡಿಯೇ ಆಗಿರಲಿ. ಆದರೆ ಕಾಪಿ ಮಾಡಿ ಕೆಲಸ ಮಾಡುವುದರಲ್ಲಿ ಒಂದು ಅಪಾಯ ಇದೆ, ಯಾವುದು ಹೊಸ ಪ್ರತಿ ಎಂಬುದೇ ಮರೆತುಹೋಗುತ್ತದೆ. ನಮ್ಮಲ್ಲಿ ಬೆಳಿಗ್ಗೆ ಆಲ್ಬಮ್ ಫೋಲ್ಡರನ್ನು ಎಸ್‌ಎಸ್‌ಡಿಗೆ ತೆಗೆದುಕೊಂಡ ಕೂಡಲೇ ನ್ಯಾಸ್‌ನಲ್ಲಿರುವ ಫೋಲ್ಡರಿನ ಹೆಸರಿನ ಮುಂದೆ 'ಕೆಲಸ ನಡದೈತಿ' ಎಂದು ಸೇರಿಸುತ್ತೇವೆ. ಸಂಜೆ ವಾಪಸ್ ಹಾಕಿ ಅದನ್ನು ಅಳಿಸುವವರೆಗೆ ಬೇರೆಯವರು ಮುಟ್ಟುವ ಹಾಗಿಲ್ಲ. ಒಂದು ಸಲ ಅಳಿಸುವುದನ್ನು ಮರೆತು ಆ ಆಲ್ಬಮ್ ಹದಿನೈದು ದಿನ ಹಾಗೇ ಬಿತ್ತು, ಬೀಗರು ಅಂಗಡಿಗೇ ಬಂದರು. ಆದರೂ ಈ ಪದ್ಧತಿ ಬಿಟ್ಟಿಲ್ಲ.

ಇನ್ನೊಂದು ಫಜೀತಿ ಹೇಳಿ ಮುಂದೆ ಹೋಗುತ್ತೇನೆ. ಎಲ್ಲ ಸರಿಯಾದ ಮೇಲೂ ದಿನಾ ಬೆಳಿಗ್ಗೆ 11ಕ್ಕೆ ಸರಿಯಾಗಿ ಎಲ್ಲರ ಕಂಪ್ಯೂಟರೂ ಭಾರ ಆಗುತ್ತಿದ್ದವು, ಒಂದು ತಾಸು ಬಿಟ್ಟು ಹಗುರ. ನಾಲ್ಕು ದಿನ ತಲೆ ಕೆರೆದುಕೊಂಡೆ. ರಾತ್ರಿ 11ಕ್ಕೆ ಇಡಬೇಕಾಗಿದ್ದ ಬ್ಯಾಕಪ್ಪನ್ನು ನಾನು ಎಎಂ-ಪಿಎಂ ನೋಡದೆ ಬೆಳಿಗ್ಗೆ 11ಕ್ಕೆ ಇಟ್ಟಿದ್ದೆ. ಹಾರ್ಡ್ ಡಿಸ್ಕ್‌ನಲ್ಲಿ ಓದುವ ಮುಳ್ಳು ಒಂದು ಸಲಕ್ಕೆ ಒಂದೇ ಕಡೆ ಇರುತ್ತದೆ. ಬ್ಯಾಕಪ್ ಒಂದು ಮೂಲೆಗೆ ಕರೆಯುತ್ತದೆ, ನಾವು ಇನ್ನೊಂದು ಮೂಲೆಗೆ ಕರೆಯುತ್ತೇವೆ, ಅದು ಓಡಾಡಿಯೇ ಸುಸ್ತು. ಆಂಟಿವೈರಸ್ ನ್ಯಾಸ್‌ನ ಫೈಲುಗಳನ್ನು ಪ್ರತಿ ಸಲ ತಡಕುವುದು, ನ್ಯಾಸ್ ತಾನೇ ಮುಖ ಗುರುತಿಸುತ್ತ ಥಂಬ್‌ನೇಲ್ ಮಾಡುತ್ತ ಕೂರುವುದು, ಇವೂ ಇದೇ ಜಾತಿಯ ಕಾಟ.

"ನ್ಯಾಸ್‌ಗೇ ಎಸ್‌ಎಸ್‌ಡಿ ಹಾಕಿದರ ಹೆಂಗ್ರಿ?" ಎಂದು ಬಾದಾಮಿಯ ಕಾಕಾ ಒಬ್ಬರು ಕೇಳಿದರು. ಕಾಕಾರ, ನಿಮ್ಮ ವೈರು ಗಿಗಾಬಿಟ್ ಇದ್ದರೆ ಅದರ ಬಾಯಿ 110. ಈಗಿನ ಸಾಧಾರಣ ಹಾರ್ಡ್ ಡಿಸ್ಕ್ ದೊಡ್ಡ ಫೈಲನ್ನು 150ರ ಮೇಲೆಯೇ ಕೊಡುತ್ತದೆ. ಬಾಯಿ ಸಣ್ಣ ಇರುವ ಕೊಡಕ್ಕೆ ದೊಡ್ಡ ಪೈಪ್ ಹಿಡಿದು ಏನು ಮಾಡುವುದು? ನಾಲ್ಕೈದು ಮಂದಿ ಒಂದೇ ಸಲ ಸಣ್ಣ ಫೈಲುಗಳಲ್ಲಿ ಕೆಲಸ ಮಾಡುತ್ತಿದ್ದರೆ ಎಸ್‌ಎಸ್‌ಡಿಯಿಂದ ಲಾಭ ಇದೆ. ಒಬ್ಬಿಬ್ಬರು ಇದ್ದರೆ ಆ ದುಡ್ಡನ್ನು 2.5 ಗಿಗಾಬಿಟ್‌ಗೆ ಹಾಕಿ. ನ್ಯಾಸ್, ಸ್ವಿಚ್, ಕಂಪ್ಯೂಟರ್ ಮೂರೂ ಕಡೆ ಅದು ಇರಬೇಕು, ಒಂದು ಕಡೆ ತಪ್ಪಿದರೂ ವ್ಯರ್ಥ. ಗೋಡೆಯೊಳಗಿನ ಕ್ಯಾಟ್ 5ಇ ಕೇಬಲ್ ಒಳ್ಳೆಯದಿದ್ದರೆ ಅದನ್ನೇ ಇಟ್ಟುಕೊಳ್ಳಬಹುದು.

ನಾಲ್ಕು ಡಿಸ್ಕ್ ಇರುವುದರಿಂದ ಬೇರೆ ಬ್ಯಾಕಪ್ ಬೇಡವಲ್ಲ ಎಂದೂ ಯಾರೋ ಕೇಳಿದರು. ಬೇಕು. ಒಂದು ಡಿಸ್ಕ್ ಸತ್ತರೆ ಅಂಗಡಿ ನಿಲ್ಲದಿರಲಿ ಎಂದು ರೇಡ್, ಅಂದರೆ ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ವ್ಯವಸ್ಥೆ, ಇರುವುದು. ತಪ್ಪಿ ಡಿಲೀಟ್ ಆದರೆ, ಪೆಟ್ಟಿಗೆಯೇ ಕಳುವಾದರೆ, ಸಿಡಿಲು ಹೊಡೆದರೆ ನಾಲ್ಕೂ ಒಟ್ಟಿಗೇ ಹೋಗುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ಸೂತ್ರವನ್ನು ಬಳಕೆಗೆ ತಂದದ್ದೇ ಪೀಟರ್ ಕ್ರೋ ಎಂಬ ಒಬ್ಬ ಫೋಟೋಗ್ರಾಫರ್, ನಮ್ಮ ಜಾತಿಯವನೇ. ಆಲಮಟ್ಟಿ ಹಿನ್ನೀರಿನ ಮುಳುಗಡೆಯಲ್ಲಿ ಹಳೆ ಬಾಗಲಕೋಟೆಯ ಅಂಗಡಿ ಖಾಲಿ ಮಾಡುವಾಗ ನಮ್ಮಪ್ಪ ಕುರ್ಚಿ ಮೇಜು ಮುಟ್ಟುವ ಮೊದಲು ನೆಗೆಟಿವ್ ತುಂಬಿದ ತಗಡಿನ ಟ್ರಂಕ್ ಹೊರಗಿಟ್ಟಿದ್ದರು. ಅವಕ್ಕೆ ಎರಡನೇ ಪ್ರತಿ ಇರಲಿಲ್ಲ.

ಮಾತು ಮುಗಿಸುವ ಹೊತ್ತಿಗೆ, ಕತ್ತರಿಸಿ ತಂದಿದ್ದ ಆ ಹಳೆ ಕೇಬಲ್ ತುಂಡನ್ನು ಜೇಬಿನಿಂದ ತೆಗೆದು, ಕಂದು ಎಳೆ ನೋಡಿರಿ ಎಂದು ಎಲ್ಲರ ಕೈಗೆ ದಾಟಿಸಿದೆ. ಅದು ಕೈಯಿಂದ ಕೈಗೆ ಹೋಗಿ ಕೊನೆಯ ಸಾಲಿಗೆ ಮುಟ್ಟಿತು. ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಮೊದಲು ಮೋಟರ್ ರಿವೈಂಡಿಂಗ್ ಮಾಡುತ್ತಿದ್ದವರು, ಜೇಬಿನ ಬ್ಲೇಡ್ ತೆಗೆದು ಎಳೆಯನ್ನು ಕೆರೆದರು. ಬೆಳಕಿಗೆ ಹಿಡಿದು ನೋಡಿದರು.

"ತಮ್ಮಾ, ಇದು ತಾಮ್ರ ಅಲ್ಲೋ. ಅಲ್ಯುಮಿನಿಯಂ ಮ್ಯಾಲೆ ತಾಮ್ರದ ನೀರು ಕುಡಿಸ್ಯಾರ. ಒಳಗ ಬೆಳ್ಳಗ ಐತಿ ನೋಡು. ನಾಲ್ಕು ಸಲ ಬಗ್ಗಿಸಿದರ ಮುರೀತೈತಿ. ಕೂಲರಿಗೆ ಯಾಕ ಬೈತಿ?"

ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ಮರುದಿನ ಅಂಗಡಿ ತೆರೆದ ಕೂಡಲೇ ಗೋಡೆಯೊಳಗಿನ ಇನ್ನೂ ಮೂರು ಕೇಬಲ್‌ಗಳ ತುದಿ ಕತ್ತರಿಸಿ ಕೆರೆದು ನೋಡಿದೆ. ಎರಡು ಬೆಳ್ಳಗಿದ್ದವು.